ಪದಕ ಚಿನ್ನದ್ದು, ಸಾಮಾನು ಮರದ್ದು

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯಲ್ಲಿ ಅಮೆರಿಕದ ಜಾರ್ಜ್ ರಾತ್ ಅನ್ನೋ ಯುವಕ ಚಿನ್ನ ಗೆದ್ದ. ಮಹಾ ಆರ್ಥಿಕ ಕುಸಿತದ ಕಾಲ ಅದು, ಅವನಿಗೆ ಕೆಲಸ ಇರಲಿಲ್ಲ. ಸಾವಿರಾರು ಜನರ ಎದುರು ಪದಕ ತಗೊಂಡು ಕ್ರೀಡಾಂಗಣದಿಂದ ಹೊರಗೆ ಬಂದವನು, ದಾರಿಯಲ್ಲಿ ಯಾರದ್ದೋ ಗಾಡಿಗೆ ಕೈ ಅಡ್ಡ ಹಿಡಿದು, ಲಿಫ್ಟ್ ಕೇಳಿಕೊಂಡು ಮನೆಗೆ ಹೋದ.

ಅವನು ಗೆದ್ದ ಸ್ಪರ್ಧೆಯ ಹೆಸರು 'ಇಂಡಿಯನ್ ಕ್ಲಬ್ಸ್'. ಅಂದ್ರೆ ನಮ್ಮ ಗರಡಿಮನೆಯ ಮುದ್ಗರದ ವಂಶದ್ದೇ!

ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಗರಡಿಮನೆ ನೋಡಿದವರಿಗೆ ಇದು ಗೊತ್ತು. ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಒಂದು ಜೊತೆ ಮರದ ಮುದ್ಗರ, ಎತ್ತೋಕೆ ಕಲ್ಲುಗುಂಡು. ದಂಡ, ಬಸ್ಕಿಗೆ ಅದೂ ಬೇಡ, ಮೈ ಇದ್ದರೆ ಸಾಕು.

ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ಕಣ್ಣು ಈ ಮುದ್ಗರದ ಮೇಲೆ ಬಿತ್ತು. 1834ರ ಹೊತ್ತಿಗೆ ಲಂಡನ್ನಿನಲ್ಲಿ ಡೊನಾಲ್ಡ್ ವಾಕರ್ ಬರೆದ ವ್ಯಾಯಾಮದ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿತ್ತು. ನ್ಯೂಯಾರ್ಕಿನ ಸಿಮ್ ಕೆಹೋ ಅದನ್ನ ತಯಾರಿಸಿ ಮಾರೋಕೆ ಶುರುಮಾಡಿ, 1866ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೂ ಹೊರತಂದ. ದಾಟುತ್ತಾ ದಾಟುತ್ತಾ ಅದರ ತೂಕ ಇಳಿಯಿತು, ಆಕಾರ ನಾಜೂಕಾಯಿತು. 1904 ಮತ್ತು 1932ರಲ್ಲಿ ಒಲಿಂಪಿಕ್ಸ್ ಸ್ಪರ್ಧೆಯೂ ಆಯಿತು. ಈಗ ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರು ಗಾಳಿಗೆ ಎಸೆದು ಹಿಡಿಯೋ ಕ್ಲಬ್‌ಗಳು ಅದರ ಮೊಮ್ಮಕ್ಕಳು.

ಇನ್ನು ಗದೆ. ಅದೂ 'ಸ್ಟೀಲ್ ಮೇಸ್' ಅಂತ ಹೊಸ ಹೆಸರಿಟ್ಟುಕೊಂಡು ನಮ್ಮ ಜಿಮ್‌ಗಳಿಗೆ ವಾಪಸ್ ಬಂದಿದೆ. ಜೊತೆಗೆ ವರ್ಕ್‌ಶಾಪ್, ಅದಕ್ಕೊಂದು ಫೀಸು!

'ನೋಡ್ರಿ, ಎಲ್ಲಾ ನಮ್ಮಲ್ಲೇ ಇತ್ತು' ಅಂತ ಎದೆ ತಟ್ಟಿಕೊಂಡು ಇಲ್ಲಿಗೇ ಮುಗಿಸಬಹುದು. ಆದರೆ ಈ ಕತೆಗೆ ಇನ್ನೊಂದು ಮುಖ ಇದೆ. ಗರಡಿಯಲ್ಲಿ ಮರದ ತುಂಡು ಯಾವತ್ತೂ ಅಗ್ಗವೇ, ದುಬಾರಿ ಆಗಿದ್ದು ಊಟ. ಹಾಲು, ತುಪ್ಪ, ಬಾದಾಮಿ, ಆಮೇಲೆ ಮೈಗೆ ವಿಶ್ರಾಂತಿ. ಪೈಲ್ವಾನರಿಗೆ ಅರಮನೆಯ ಆಶ್ರಯ ಬೇಕಾಗಿದ್ದೇ ಅದಕ್ಕೆ. ದಸರಾ ಕುಸ್ತಿಗೆ ಮೈಸೂರಿನ ಒಡೆಯರು ಕೊಟ್ಟ ಪ್ರೋತ್ಸಾಹದ ಹಿಂದೆ ಗೌರವ ಮಾತ್ರ ಅಲ್ಲ, ಅನ್ನವೂ ಇತ್ತು. ರಾತ್‌ಗೆ ಅಂಥ ಆಶ್ರಯ ಇರಲಿಲ್ಲ. ಅವನ ಕೈಯಲ್ಲಿ ಚಿನ್ನ ಇತ್ತು, ಮನೆಗೆ ಹೋಗೋಕೆ ಗಾಡಿ ಇರಲಿಲ್ಲ.

ಹಾಗಾಗಿ ತಿಂಗಳ ಕೊನೆಗೆ ಬಾಡಿಗೆ, ಇಎಂಐ ಕಳೆದು ಉಳಿದಿದ್ದರಲ್ಲಿ ಲೆಕ್ಕ ಹಾಕೋರು ಗರಡಿಯ ಲೆಕ್ಕಾಚಾರವನ್ನ ಒಮ್ಮೆ ನೋಡಬಹುದು. ಸಾಮಾನಿಗೆ ಕಡಿಮೆ, ಹೊಟ್ಟೆಗೆ ಹೆಚ್ಚು. ಒಂದು ಲೀಟರ್ ನೀರು ತುಂಬಿದ ಬಾಟಲಿ ಸುಮಾರು ಒಂದು ಕೆಜಿ ತೂಗುತ್ತೆ. ಭುಜ ತಿರುಗಿಸೋ ಅಭ್ಯಾಸಕ್ಕೆ ಅಷ್ಟು ಸಾಕು, ನಿಧಾನಕ್ಕೆ ಶುರುಮಾಡಿ. ದಂಡ, ಬಸ್ಕಿಗೆ ಚಾಪೆಯಷ್ಟು ಜಾಗ ಸಾಕು. ಮೆಂಬರ್‌ಶಿಪ್ಪಿನಲ್ಲಿ ಉಳಿದ ದುಡ್ಡು ಮೊಟ್ಟೆಗೋ, ಕಡಲೆಕಾಯಿಗೋ, ಹೆಸರುಕಾಳಿಗೋ ಹೋಗಲಿ.

ಗರಡಿಯಲ್ಲಿದ್ದು ನಮ್ಮ ರೂಮಿನಲ್ಲಿ ಇಲ್ಲದ್ದು ಒಂದೇ, ಬೆಳಗ್ಗೆ ಬರದಿದ್ದರೆ 'ಯಾಕೋ ಬರಲಿಲ್ಲ?' ಅಂತ ಗದರಿಸೋ ಉಸ್ತಾದ್. ಆ ಕೆಲಸಕ್ಕೆ ಪಕ್ಕದ ರೂಮಿನ ಗೆಳೆಯನನ್ನ ಒಪ್ಪಿಸಿಕೊಳ್ಳಿ. ಸಂಬಳಕ್ಕೆ ಒಂದು ಬೈಟು ಕಾಫಿ ಸಾಕು.