ಮನೆಯಲ್ಲಿರುವ ಅಶಕ್ತ ಹಿರಿಯರಿಗೆ ಯಾವೆಲ್ಲ ನೆರವು ಸಿಗುತ್ತದೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಮಗ ಪುಣೆಯಲ್ಲಿ, ಮಗಳು ಚೆನ್ನೈನಲ್ಲಿ. ಊರಿನ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಒಬ್ಬರೇ. ಇಂಥ ಕುಟುಂಬಗಳು ಈಗ ಅಪರೂಪವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ ಇತ್ತು. 2017-18ರಲ್ಲಿ ನಡೆದ ಲಾಸಿ ಸಮೀಕ್ಷೆಯಂತೆ, ಈ ವಯಸ್ಸಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ನಾನ, ಶೌಚ, ಬಟ್ಟೆ ಹಾಕಿಕೊಳ್ಳುವುದು, ಓಡಾಡುವುದು ಮೊದಲಾದ ದಿನನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗುತ್ತದೆ. ಇವರಿಗಾಗಿ ಇರುವ ಸೌಲಭ್ಯಗಳು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿವೆ. ಯಾವುದನ್ನು ಎಲ್ಲಿ ಕೇಳಬೇಕು ಎಂಬುದೇ ಅನೇಕರಿಗೆ ತಿಳಿದಿಲ್ಲ.

ಮೊದಲ ಕರೆ: 14567

ಎಲ್ಡರ್‌ಲೈನ್ ಹೆಸರಿನ ಈ ರಾಷ್ಟ್ರೀಯ ಸಹಾಯವಾಣಿ ಉಚಿತ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಲಭ್ಯ. ಪಿಂಚಣಿ, ಕಾನೂನು, ಆಸ್ಪತ್ರೆ, ವೃದ್ಧಾಶ್ರಮಗಳ ಮಾಹಿತಿ ನೀಡುವುದರ ಜೊತೆಗೆ, ಕಿರುಕುಳಕ್ಕೆ ಒಳಗಾದ ಅಥವಾ ಬೀದಿಪಾಲಾದ ಹಿರಿಯರಿಗೂ ನೆರವಾಗುತ್ತದೆ. ಬೆಂಗಳೂರಿನಲ್ಲಿ ನಗರ ಪೊಲೀಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಿಂದ ಹಿರಿಯರ ಸಹಾಯವಾಣಿ ನಡೆಸುತ್ತಾ ಬಂದಿವೆ.

ಮನೆಗೇ ಬರುವ ಆರೋಗ್ಯ ಸೇವೆ

ಕೇಂದ್ರ ಸರ್ಕಾರ 2010-11ರಲ್ಲಿ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಇದರ ಮಾರ್ಗಸೂಚಿಯಂತೆ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರು ಭೇಟಿ ನೀಡಿ, ಆರೈಕೆ ಮಾಡುವ ಮನೆಯವರಿಗೂ ತಿಳಿವಳಿಕೆ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಜಿಲ್ಲಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡ್ ಇರಬೇಕು. ಜಾರಿ ಎಲ್ಲೆಡೆ ಒಂದೇ ರೀತಿ ಇಲ್ಲ. ಆದ್ದರಿಂದ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಆರೋಗ್ಯ ಕೇಂದ್ರದ ವೈದ್ಯರನ್ನು ನೇರವಾಗಿ ಕೇಳುವುದು ಒಳಿತು.

ರಾಜ್ಯಗಳ ಯೋಜನೆಗಳೂ ಇವೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ರೂಪಿಸಿತು. ಅಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ ನರ್ಸ್‌ಗಳು ಮನೆಗೆ ಹೋಗುತ್ತಾರೆ. ತಮಿಳುನಾಡಿನಲ್ಲಿ 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಬಿಪಿ, ಶುಗರ್ ಮಾತ್ರೆ ಮತ್ತು ಫಿಸಿಯೋಥೆರಪಿ ಮನೆ ಬಾಗಿಲಿಗೆ ಬರುತ್ತವೆ. ಕರ್ನಾಟಕದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಯಿತು.

70 ದಾಟಿದವರಿಗೆ ಆಯುಷ್ಮಾನ್ ವಿಮೆ

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ಮೀರಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆ ಸಿಗುತ್ತದೆ. ಮೊದಲೇ ಇರುವ ಕಾಯಿಲೆಗೂ ಅನ್ವಯಿಸುತ್ತದೆ. ನೋಂದಣಿಗೆ ಆಧಾರ್ ಬೇಕು. ಯೋಜನೆ ತಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಒಂದು ಮಾತು ನೆನಪಿರಲಿ: ಇದು ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ಮನೆಯಲ್ಲಿ ನೋಡಿಕೊಳ್ಳುವ ಆಯಾ ಅಥವಾ ನರ್ಸ್‌ನ ತಿಂಗಳ ಸಂಬಳ ಇದರಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ಖಾಸಗಿ ಆರೋಗ್ಯ ವಿಮೆಗಳೂ ಇದನ್ನು ಭರಿಸುವುದಿಲ್ಲ. ಬಹುತೇಕ ಕುಟುಂಬಗಳನ್ನು ಹಣ್ಣುಮಾಡುವುದು ಈ ಖರ್ಚೇ.

ಪಿಂಚಣಿ, ಸಲಕರಣೆ, ಬ್ಯಾಂಕ್ ಸೇವೆ

* ಪಿಂಚಣಿ: ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಬಡತನ ರೇಖೆಗಿಂತ ಕೆಳಗಿರುವವರಿಗೆ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂ., 80ರ ನಂತರ 500 ರೂ. ಅದಕ್ಕೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದಲ್ಲಿ 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದ್ದು, ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.
* ಸಲಕರಣೆ: 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಕಡಿಮೆ ಆದಾಯದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ, ಹಲ್ಲಿನ ಸೆಟ್ ಉಚಿತ.
* ಬ್ಯಾಂಕ್: 70 ದಾಟಿದವರ ಮನೆಗೇ ಹಣ ತಲುಪಿಸುವುದು, ಕೆವೈಸಿ ದಾಖಲೆ ಪಡೆಯುವುದು ಮುಂತಾದ ಸೇವೆ ನೀಡುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕ್‌ಗಳಿಗೆ ಸೂಚಿಸಿದೆ.
* ಜೀವಿತ ಪ್ರಮಾಣಪತ್ರ: ಪಿಂಚಣಿದಾರರು ಕಚೇರಿಗೆ ಅಲೆಯಬೇಕಿಲ್ಲ. ಮೊಬೈಲ್‌ನಲ್ಲಿ ಮುಖ ತೋರಿಸಿ ಸಲ್ಲಿಸಬಹುದು, ಇಲ್ಲವೇ ಅಂಚೆಯಣ್ಣನನ್ನು ಮನೆಗೆ ಕರೆಸಿಕೊಳ್ಳಬಹುದು.

ಮಕ್ಕಳು ನೋಡಿಕೊಳ್ಳದಿದ್ದರೆ?

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಮುಖ್ಯಸ್ಥರು. ವಕೀಲರನ್ನು ಹಿಡಿಯಬೇಕಿಲ್ಲ. ನೋಟಿಸ್ ತಲುಪಿದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು; ವಿಶೇಷ ಕಾರಣವಿದ್ದರೆ ಇನ್ನೂ 30 ದಿನ ವಿಸ್ತರಿಸಬಹುದು. ಹಿರಿಯರು ವಾಸವಿರುವ ಊರಲ್ಲಷ್ಟೇ ಅಲ್ಲ, ಮಕ್ಕಳು ನೆಲೆಸಿರುವ ಜಿಲ್ಲೆಯಲ್ಲೂ ಅರ್ಜಿ ಹಾಕಲು ಅವಕಾಶವಿದೆ.

ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ, ಜಮೀನು ಬರೆದುಕೊಟ್ಟು, ಆಮೇಲೆ ಮಕ್ಕಳು ಕೈಬಿಟ್ಟರೆ 23ನೇ ಸೆಕ್ಷನ್ ಅಡಿ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೋ ಇಲ್ಲವೋ ಎಂಬುದೇ ಇಂಥ ಪ್ರಕರಣಗಳಲ್ಲಿ ವಿವಾದವಾಗುವುದರಿಂದ ಅದನ್ನು ಪತ್ರದಲ್ಲೇ ಬರೆಸುವುದು ಕ್ಷೇಮ.

ದೂರದಲ್ಲಿರುವ ಮಕ್ಕಳು ಗಮನಿಸಬೇಕಾದ್ದು

ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಬಚ್ಚಲುಮನೆಗೆ ಹಿಡಿಕೆ, ಜಾರದ ಮ್ಯಾಟ್, ರಾತ್ರಿ ದೀಪ ಹಾಕಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು, ವೈದ್ಯರ ಬಳಿ ಹೋದಾಗಲೆಲ್ಲ ತೋರಿಸಬೇಕು. ಏಜೆನ್ಸಿಯಿಂದ ಆಯಾ ನೇಮಿಸುವಾಗ ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ, ತರಬೇತಿ, ರಜೆಯ ದಿನ ಬದಲಿಯವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಬೆನ್ನುಹುಣ್ಣು ಆಗುವ ಅಪಾಯವಿದೆ.

ಊರಿಗೆ ಹೋದಾಗ ಪಕ್ಕದ ಮನೆಯವರು, ಹತ್ತಿರದ ವೈದ್ಯರು, ಆಶಾ ಕಾರ್ಯಕರ್ತೆ, ಈ ಮೂವರ ಫೋನ್ ನಂಬರ್ ಪಡೆದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದರೆ, ಆಪತ್ತಿನ ವೇಳೆ ಹುಡುಕಾಟ ತಪ್ಪುತ್ತದೆ.