ಪಾದ್ರಿ ಇಲ್ಲದ ಇನ್ನೂರು ವರ್ಷ

ಗೋವಾ ಟ್ರಿಪ್ ಹೋದವರೆಲ್ಲ ಒಂದಲ್ಲ ಒಂದು ಸಲ ಓಲ್ಡ್ ಗೋವಾದ ಬಾಂ ಜೀಸಸ್ ಬಸಿಲಿಕಾ ನೋಡಿರ್ತೀರಿ. ಒಂದು ಬೀಚಿನಿಂದ ಇನ್ನೊಂದು ಬೀಚಿಗೆ ಹೋಗುವ ಮಧ್ಯೆ ಒಂದರ್ಧ ಗಂಟೆ. ಅಲ್ಲಿ ಎತ್ತರದಲ್ಲಿ ಬೆಳ್ಳಿ ಪೆಟ್ಟಿಗೆಯೊಳಗೆ ಸಂತ ಫ್ರಾನ್ಸಿಸ್ ಝೇವಿಯರ್‌ನ ದೇಹ ಇದೆ. ಈ ಮನುಷ್ಯ ಗೋವಾದಿಂದ ಹೊರಟು 1549ರ ಆಗಸ್ಟ್ 15ರಂದು ಜಪಾನಿನ ಕಾಗೋಷಿಮಾದಲ್ಲಿ ಇಳಿದ. ದಾರಿ ತೋರಿಸೋಕೆ ಜೊತೆಗಿದ್ದವನು ಅಂಜಿರೊ ಅನ್ನೋ ಜಪಾನೀಯ, ಗೋವಾದಲ್ಲೇ ಜ್ಞಾನಸ್ನಾನ ಪಡೆದವನು. ಝೇವಿಯರ್ ಜಪಾನಿನಲ್ಲಿದ್ದದ್ದು ಎರಡು ವರ್ಷ ಚಿಲ್ಲರೆ ಅಷ್ಟೇ. ಆದರೆ ಅವನು ಅಲ್ಲಿ ಬಿತ್ತಿ ಬಂದದ್ದು ಏನಾಯ್ತು ಅನ್ನೋ ಕಥೆ ನನಗೆ ಆ ಬೆಳ್ಳಿ ಪೆಟ್ಟಿಗೆಗಿಂತ ದೊಡ್ಡ ಅಚ್ಚರಿ.

ಮೊದಲ ಅರವತ್ತು ವರ್ಷ ಚೆನ್ನಾಗೇ ನಡೀತು. 1600ರ ದಶಕ ಶುರುವಾಗುವ ಹೊತ್ತಿಗೆ ಸುಮಾರು 3 ಲಕ್ಷ ಕ್ರೈಸ್ತರು. ಆಮೇಲೆ ಆಳುವವರಿಗೆ ಅನುಮಾನ ಹತ್ತಿತು. ಇವತ್ತು ಪಾದ್ರಿ ಬಂದ, ನಾಳೆ ಪೋರ್ಚುಗೀಸರ ಸೈನ್ಯ ಬಂದರೆ? 1597ರಲ್ಲಿ ನಾಗಸಾಕಿಯಲ್ಲಿ 26 ಜನರನ್ನು ಶಿಲುಬೆಗೇರಿಸಿದರು. 1614ರಲ್ಲಿ ತೊಕುಗಾವಾ ಸರ್ಕಾರ ಇಡೀ ದೇಶದಲ್ಲಿ ಧರ್ಮವನ್ನೇ ನಿಷೇಧಿಸಿತು. 1637ರಲ್ಲಿ ಷಿಮಾಬಾರಾದ ರೈತರು ದಂಗೆ ಎದ್ದಾಗ ಅದನ್ನು ರಕ್ತದಲ್ಲಿ ಮುಳುಗಿಸಿದರು. ಅಡಗಿಕೊಂಡು ಓಡಾಡುತ್ತಿದ್ದ ಕೊನೆಯ ಪಾದ್ರಿ ಕೊನಿಷಿ ಮಾನ್ಷೊ 1644ರಲ್ಲಿ ಸಿಕ್ಕಿ ಸತ್ತ. ಅಲ್ಲಿಗೆ ದೇಶದಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಅಚ್ಚಾದ ಬೈಬಲ್ ಇಲ್ಲ, ಹೊರಗಿನಿಂದ ಒಂದು ಕಾಗದ ಬರೋ ದಾರಿಯೂ ಇಲ್ಲ.

ಸರ್ಕಾರದ ವ್ಯವಸ್ಥೆ ಬಲು ಬಿಗಿ. ಪ್ರತಿ ಮನೆಯೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಲೇಬೇಕು. ಐದೈದು ಮನೆಗಳ ಗುಂಪು ಮಾಡಿ, ಒಬ್ಬ ತಪ್ಪು ಮಾಡಿದರೆ ಐದೂ ಮನೆ ಹೊಣೆ ಅಂದರು. ನಾಗಸಾಕಿ ಕಡೆಯಂತೂ ವರ್ಷವರ್ಷವೂ ಹೊಸ ವರ್ಷ ಬಂತೆಂದರೆ ಎಲ್ಲರೂ ಯೇಸುವಿನ ಅಥವಾ ಮರಿಯಮ್ಮನ ಚಿತ್ರವನ್ನು ಕಾಲಲ್ಲಿ ತುಳಿದು ತೋರಿಸಬೇಕು. ಇದಕ್ಕೆ ಫುಮಿಯೆ ಅಂತಾರೆ. ಒಂದು ನಂಬಿಕೆಯನ್ನು ಅಳಿಸೋಕೆ ಇದಕ್ಕಿಂತ ಪಕ್ಕಾ ಸಿಸ್ಟಮ್ ಡಿಸೈನ್ ಮಾಡೋದು ಕಷ್ಟ.

ಆದರೂ ಅಳಿಯಲಿಲ್ಲ. ಯಾಕೆ ಅಂತ ನೋಡಿದರೆ ಕಾರಣಗಳು ತುಂಬಾ ಸಣ್ಣವು, ತುಂಬಾ ಪ್ರಾಯೋಗಿಕವಾದವು. ನಾಗಸಾಕಿಯ ಪಕ್ಕದ ಉರಾಕಾಮಿ ಹಳ್ಳಿಯ ರೈತರು ತಮ್ಮೊಳಗೇ ಕೆಲಸ ಹಂಚಿಕೊಂಡರು. ಊರಿಗೊಬ್ಬ ಚೋಕಾತಾ, ಅಂದರೆ ಪಂಚಾಂಗ ನೋಡಿಕೊಳ್ಳುವವನು. ಕೇರಿಗೊಬ್ಬ ಮಿಝುಕಾತಾ, ಹುಟ್ಟಿದ ಮಗುವಿನ ತಲೆಗೆ ನೀರು ಹಾಕುವವನು. ಅವರ ಕೆಳಗೆ ಮನೆಮನೆಗೆ ಸುದ್ದಿ ಮುಟ್ಟಿಸುವ ಕಿಕಿಯಾಕು. ಇವರ್ಯಾರೂ ಪಂಡಿತರಲ್ಲ, ಹಗಲು ಹೊಲ ಉಳುವವರು. ಕ್ಯಾಥೊಲಿಕ್ ನಿಯಮದ ಪ್ರಕಾರ ಪಾದ್ರಿ ಇಲ್ಲದ ಕಡೆ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು, ನೀರು ಮತ್ತು ಸರಿಯಾದ ಮಾತು ಇದ್ದರೆ ಸಾಕು. ಆ ಒಂದು ಸಡಿಲಿಕೆಯನ್ನು ಹಿಡಿದುಕೊಂಡು ಅವರು ಬದುಕಿದರು.

ಪಾಪನಿವೇದನೆಗೆ ಮಾತ್ರ ಪಾದ್ರಿ ಬೇಕೇ ಬೇಕು. ಅದಕ್ಕೂ ಒಂದು ದಾರಿಯಿತ್ತು. 1603ರಲ್ಲಿ ಒಂದು ಪುಟ್ಟ ಪುಸ್ತಕ ಬಂದಿತ್ತು. ಪಾದ್ರಿ ಸಿಗದಿದ್ದಾಗ ಮನಸ್ಸಿನಿಂದ ಪಶ್ಚಾತ್ತಾಪ ಪಡೋದು ಹೇಗೆ, ಮುಂದೆ ಪಾದ್ರಿ ಸಿಕ್ಕಾಗ ಹೇಳಿಕೊಳ್ತೀನಿ ಅಂತ ನಿಶ್ಚಯ ಮಾಡೋದು ಹೇಗೆ ಅನ್ನೋದನ್ನು ಅದು ಕಲಿಸುತ್ತಿತ್ತು. ಅದನ್ನು ಕೈಬರಹದಲ್ಲಿ ಪ್ರತಿ ಮಾಡುತ್ತಾ, ಬಾಯಿಪಾಠ ಮಾಡುತ್ತಾ ಉಳಿಸಿಕೊಂಡರು. ಚಿತ್ರ ತುಳಿದು ಮನೆಗೆ ಬಂದು ಈ ಪ್ರಾರ್ಥನೆ ಹೇಳೋದು. ಮುಂದಿನ ವರ್ಷ ಮತ್ತೆ ತುಳಿಯೋದು, ಮತ್ತೆ ಹೇಳೋದು. ಇವರನ್ನು ಹೇಡಿಗಳು ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ಅವತ್ತೇ ಎಲ್ಲರೂ ಹುತಾತ್ಮರಾಗಿದ್ದರೆ ಮಕ್ಕಳಿಗೆ ಹೇಳಿಕೊಡೋಕೆ ಯಾರು ಉಳೀತಿದ್ರು?

ಹಾಗಂತ ಎಲ್ಲವೂ ಇದ್ದಹಾಗೇ ಉಳಿಯಲಿಲ್ಲ. ಒರಾಷೊ ಅನ್ನುವ ಅವರ ಪ್ರಾರ್ಥನೆಗಳಲ್ಲಿ ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಎಲ್ಲ ಕಲಸಿಹೋಗಿ, ಹೇಳುವವರಿಗೇ ಅರ್ಥ ಗೊತ್ತಿರಲಿಲ್ಲ. ನಮ್ಮೂರ ಕಡೆ ಸೋಬಾನೆ ಹಾಡುವ ಅಜ್ಜಿಯರನ್ನು ನಡುವಿನ ಯಾವುದೋ ಪದದ ಅರ್ಥ ಕೇಳಿ ನೋಡಿ, 'ನಮ್ಮವ್ವ ಹಂಗೇ ಹೇಳ್ತಿದ್ಲು ಕಣಪ್ಪ' ಅಂತಾರೆ. ಅದೇ ಥರ. ಅವರ ಬೈಬಲ್ ಕಥೆಗಳನ್ನು ಬರೆದಿಟ್ಟ ಹಸ್ತಪ್ರತಿಯಲ್ಲಿ ಪೊಂತಿಯ ಪಿಲಾತ ಒಬ್ಬನಲ್ಲ, ಪೊಂಷ ಮತ್ತು ಪಿರೊತೊ ಅನ್ನೋ ಇಬ್ಬರು!

ಆದರೆ ಪಂಚಾಂಗ ಮಾತ್ರ ಕೆಡಲಿಲ್ಲ. ಬಾಸ್ತಿಯಾನ್ ಎಂಬ ಜಪಾನಿ ಉಪದೇಶಕ ಅದನ್ನು ಕೊಟ್ಟುಹೋದ ಅನ್ನೋದು ಅವರ ನಂಬಿಕೆ. ಏಳು ತಲೆಮಾರು ಕಳೆದ ಮೇಲೆ ದೊಡ್ಡ ಹಡಗಿನಲ್ಲಿ ಪಾದ್ರಿಗಳು ಬರ್ತಾರೆ ಅಂತಲೂ ಅವನು ಹೇಳಿದ್ದನಂತೆ. ಉರಾಕಾಮಿಯ ಏಳನೆಯ ಚೋಕಾತಾ ಕಿಚಿಜೊ 1856ರಲ್ಲಿ ಸಿಕ್ಕಿಬಿದ್ದು ಜೈಲಿನಲ್ಲೇ ಸತ್ತ.

ಅಷ್ಟರಲ್ಲಿ ಜಪಾನ್ ಬಾಗಿಲು ತೆರೆದಿತ್ತು. ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಓಉರಾ ಚರ್ಚ್ ಕಟ್ಟಿದರು. 1865ರ ಮಾರ್ಚ್ 17ರಂದು ಉರಾಕಾಮಿಯ ಒಂದಷ್ಟು ಜನ ಅದನ್ನು ನೋಡುವ ನೆಪದಲ್ಲಿ ಬಂದರು. ಫ್ರೆಂಚ್ ಪಾದ್ರಿ ಬರ್ನಾರ್ ಪೆತಿಜಾನ್ ಪ್ರಾರ್ಥನೆ ಮಾಡುತ್ತಿದ್ದಾಗ ಯುರಿ ಅನ್ನೋ ಹೆಂಗಸು ಹತ್ತಿರ ಬಂದು, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅಂತ ಪಿಸುಗುಟ್ಟಿದಳು. ಮರಿಯಮ್ಮನ ಮೂರ್ತಿ ಎಲ್ಲಿದೆ ಅಂತ ಕೇಳಿದಳು. ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ: ನಮಗೀಗ ದುಃಖದ ಕಾಲ, ಇವತ್ತು ಹದಿನೇಳನೆಯ ದಿನ, ನೀವೂ ಆಚರಿಸ್ತೀರಾ?

ದುಃಖದ ಕಾಲ ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಲೆಕ್ಕ ಹಾಕಿ ನೋಡಿ. ಆ ವರ್ಷ ಗುಡ್ ಫ್ರೈಡೇ ಏಪ್ರಿಲ್ 14, ಅಮೆರಿಕದಲ್ಲಿ ಲಿಂಕನ್‌ಗೆ ಗುಂಡು ಹೊಡೆದ ದಿನ. ಈಸ್ಟರ್ 16ಕ್ಕೆ. ಹಿಂದಕ್ಕೆ ಎಣಿಸಿದರೆ ತಪಸ್ಸುಕಾಲ ಶುರುವಾದದ್ದು ಮಾರ್ಚ್ 1ಕ್ಕೆ. ಮಾರ್ಚ್ 17 ಸರಿಯಾಗಿ ಹದಿನೇಳನೆಯ ದಿನ. ಇನ್ನೂರಕ್ಕೂ ಹೆಚ್ಚು ವರ್ಷ ಹೊರಜಗತ್ತಿನ ಜೊತೆ ಸಿಂಕ್ ಆಗದೆ ಓಡಿದ ಗಡಿಯಾರ ಒಂದು ದಿನವೂ ತಪ್ಪಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗ್ತಿತ್ತು. ನಿಷೇಧ ಇನ್ನೂ ಜಾರಿಯಲ್ಲಿತ್ತು. ಗುಟ್ಟು ಬಯಲಾದ ಮೇಲೆ ಉರಾಕಾಮಿಯ ಸುಮಾರು 3,400 ಜನರನ್ನು ದೇಶದ ಬೇರೆ ಬೇರೆ ಮೂಲೆಗಳಿಗೆ ಗಡಿಪಾರು ಮಾಡಿದರು. 600ಕ್ಕೂ ಹೆಚ್ಚು ಜನ ವಾಪಸ್ ಬರಲೇ ಇಲ್ಲ. ವಿದೇಶಗಳ ಒತ್ತಡ ಬಂದು 1873ರಲ್ಲಿ ನಿಷೇಧದ ಫಲಕಗಳನ್ನು ಕಿತ್ತುಹಾಕಿದರು. ತಿರುಗಿ ಬಂದವರು ಹಿಂದೆ ತಮ್ಮಿಂದ ಚಿತ್ರ ತುಳಿಸುತ್ತಿದ್ದ ಊರಗೌಡನ ಮನೆಯ ಜಾಗವನ್ನೇ ಕೊಂಡುಕೊಂಡು, ದಶಕಗಟ್ಟಲೆ ದುಡಿದು ದೊಡ್ಡ ಚರ್ಚ್ ಕಟ್ಟಿದರು. 1945ರ ಆಗಸ್ಟ್ 9ರಂದು ಅಣುಬಾಂಬ್ ಸಿಡಿದದ್ದು ಅದರಿಂದ ಸುಮಾರು 500 ಮೀಟರ್ ದೂರದಲ್ಲಿ. ಉರಾಕಾಮಿಯ 12,000 ಕ್ಯಾಥೊಲಿಕರಲ್ಲಿ ಸುಮಾರು 8,500 ಜನ ಸತ್ತರು. ಚರ್ಚನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ.

ಆದರೆ ನನ್ನನ್ನು ಹೆಚ್ಚು ಕಾಡುವವರು ಚರ್ಚಿಗೆ ಮರಳದೇ ಉಳಿದವರು. ಪಾದ್ರಿಗಳು ಬಂದು ನಿಮ್ಮ ಪ್ರಾರ್ಥನೆ ತಪ್ಪಾಗಿದೆ, ಮನೆಯ ಬುದ್ಧನನ್ನು ತೆಗೆಯಿರಿ ಅಂದಾಗ ಅವರು ಒಪ್ಪಲಿಲ್ಲ. ನಮ್ಮ ಹಿರಿಯರು ಜೀವ ಒತ್ತೆಯಿಟ್ಟು ಕೊಟ್ಟದ್ದು ಇದೇ, ಹೀಗೇ. ಇದನ್ನು ಬದಲಾಯಿಸಿದರೆ ಅವರಿಗೆ ಮುಖ ತೋರಿಸೋದು ಹೇಗೆ? ಮರಳಿದವರೂ ಹಿರಿಯರ ಹೆಸರಲ್ಲೇ ಮರಳಿದ್ದರು, ಅವರು ಕಾದಿದ್ದ ಪಾದ್ರಿಗಳು ಬಂದರಲ್ಲ ಅಂತ. ಯಾರು ನಿಜವಾಗಿ ಉಳಿಸಿಕೊಂಡವರು? ನನ್ನ ಓಟು ಮರಳಿದವರಿಗೇ, ಯಾಕಂದರೆ ಬರುತ್ತಾರೆ ಅಂತ ಕಾಯೋದು ಕೂಡ ಅವರಿಗೆ ಬಂದ ಬಳುವಳಿಯೇ ಆಗಿತ್ತು. ಆದರೂ ಉಳಿದವರ ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಹಾಗೆ ಉಳಿದವರು ಇಕಿತ್ಸುಕಿ ದ್ವೀಪದಲ್ಲಿ ಇದ್ದಾರೆ. ಒಳಕೋಣೆಯ ಬೀರುವಿನಲ್ಲಿ ಬಚ್ಚಿಟ್ಟ ದೇವರ ಚಿತ್ರ. ಅದರಲ್ಲಿ ಮರಿಯಮ್ಮ ಕಿಮೋನೊ ಉಟ್ಟಿದ್ದಾಳೆ. ಅದರ ಮುಂದೆ ಅರ್ಧ ಗಂಟೆಗೂ ಮೀರಿದ ಒರಾಷೊವನ್ನು ಬಾಯಿಪಾಠವಾಗಿ ಹೇಳಬೇಕು. ಈಗ ಯಾರ ಭಯವೂ ಇಲ್ಲ, ತುಳಿಯಬೇಕಾದ ಚಿತ್ರವೂ ಇಲ್ಲ. 2018ರಲ್ಲಿ ಯುನೆಸ್ಕೊ ನಾಗಸಾಕಿ ಪ್ರದೇಶದ ಗುಪ್ತ ಕ್ರೈಸ್ತರ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೆ ಹುಡುಗರು ಓದಿ, ಕೆಲಸ ಹುಡುಕಿಕೊಂಡು ನಗರಗಳಿಗೆ ಹೋಗಿದ್ದಾರೆ, ನಮ್ಮ ನಿಮ್ಮ ಹಾಗೆ. ಒರಾಷೊ ಕಲಿಯೋಕೆ ಯಾರೂ ಇಲ್ಲದೆ ಒಂದೊಂದೇ ಗುಂಪು ಮುಚ್ಚುತ್ತಿದೆ. ಮುಚ್ಚಿದ ಮೇಲೆ ಕೆಲವರು ಬೀರುವಿನ ದೇವರನ್ನು ದ್ವೀಪದ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ. ಈಗ ಅದು ಗಾಜಿನ ಹಿಂದೆ ಇದೆ.