21 ದಿನಗಳಲ್ಲಿ ‘ಹೊಸ ಮನುಷ್ಯ’ ಆಗಬಹುದೇ? ಆಂತರಿಕ ಪರಿವರ್ತನೆ ಎಂದರೆ ನಿಜವಾಗಿ ಏನು?

ಸಾರಾಂಶ: ಮನುಷ್ಯನ ಸ್ವಭಾವ ಬದಲಾಗಬಲ್ಲದು ಎಂಬುದು ನಿಜ. ಆದರೆ ಅದಕ್ಕೆ 21 ದಿನ ಸಾಕು, ಅಷ್ಟರಲ್ಲಿ ಮೆದುಳೇ ಹೊಸದಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬದಲಾವಣೆ ನಿಧಾನವಾಗಿ ಬರುತ್ತದೆ, ಭಾಗಶಃ ಬರುತ್ತದೆ, ಮತ್ತು ಮಾಡಿದ ಕೆಲಸದಿಂದ ಬರುತ್ತದೆ.

ಹೇಳಿಕೆ

“ಬೆಳಿಗ್ಗೆ ಬೇಗ ಎದ್ದು 21 ದಿನ ಹೀಗೆ ಮಾಡಿ. ನಿಮ್ಮ ಮೆದುಳು ಬದಲಾಗುತ್ತದೆ, ಕೋಪ, ಭಯ, ಖಿನ್ನತೆ ಮಾಯವಾಗುತ್ತದೆ, ಔಷಧಿಯೂ ಬೇಕಾಗುವುದಿಲ್ಲ.” ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ಮತ್ತೆ ಮತ್ತೆ ಹರಿದಾಡುತ್ತವೆ. ಕೆಲವದರ ಕೊನೆಯಲ್ಲಿ ಶುಲ್ಕ ಕಟ್ಟಿ ಸೇರುವ ಶಿಬಿರದ ಲಿಂಕ್ ಕೂಡ ಇರುತ್ತದೆ.

ಇನ್ನೊಂದು ಕಡೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ನಮ್ಮ ಗಾದೆ ಇದೆ. ಒಂದರ ಪ್ರಕಾರ ಮೂರೇ ವಾರ ಸಾಕು, ಇನ್ನೊಂದರ ಪ್ರಕಾರ ಜನ್ಮವಿಡೀ ಸಾಲದು. ಯಾವುದು ಸರಿ ಎಂದು ನಾವು ಪರಿಶೀಲಿಸಿದೆವು.

21 ದಿನದ ಲೆಕ್ಕ ಎಲ್ಲಿಂದ ಬಂತು?

ಈ ಸಂಖ್ಯೆಯ ಮೂಲ ಮೆದುಳಿನ ಸಂಶೋಧನೆಯಲ್ಲಿ ಇಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಆದ ಮೇಲೆ ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. 1960ರಲ್ಲಿ ಬಂದ ‘ಸೈಕೋ-ಸೈಬರ್ನೆಟಿಕ್ಸ್’ ಎಂಬ ಪುಸ್ತಕದಲ್ಲಿ ಅದನ್ನು ಬರೆದರು.

ಅದು ಒಬ್ಬ ವೈದ್ಯರ ಅನುಭವದ ಮಾತು, ಪ್ರಯೋಗದ ಫಲಿತಾಂಶವಲ್ಲ. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಮತ್ತು ‘ಸುಮಾರು’ ಎಂಬ ಎರಡೂ ಪದಗಳು ಬಿದ್ದುಹೋದವು. ‘ಹೊಸ ಮುಖಕ್ಕೆ ಹೊಂದಿಕೊಳ್ಳುವುದು’ ಹೋಗಿ ‘ಹೊಸ ಮನುಷ್ಯ ಆಗುವುದು’ ಬಂದು ಸೇರಿತು.

ಹಾಗಾದರೆ ಎಷ್ಟು ದಿನ ಬೇಕು?

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. 96 ಜನ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು 84 ದಿನ ಅದನ್ನು ಪಾಲಿಸಲು ಪ್ರಯತ್ನಿಸಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ಹೊತ್ತು ಓಡುವುದು ಇಂಥವು. ಯೋಚಿಸದೇ ತಾನಾಗಿಯೇ ಮಾಡುವ ಹಂತ ತಲುಪಲು ಹಿಡಿದ ಕಾಲದ ಮಧ್ಯದ ಅಂಕಿ 66 ದಿನ. ಆದರೆ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ: ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಅಂದಾಜಾಯಿತು. ಸುಲಭದ ಅಭ್ಯಾಸ ಬೇಗ ಬಂತು, ಕಷ್ಟದ್ದು ತಡವಾಯಿತು.

ಇದರಲ್ಲಿ ಇನ್ನೊಂದು ಸಮಾಧಾನದ ವಿಷಯವೂ ಇದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ‘ಒಂದು ದಿನ ತಪ್ಪಿದರೂ ಮೊದಲಿನಿಂದ ಶುರು ಮಾಡಬೇಕು’ ಎಂಬ ಫಾರ್ವರ್ಡ್‌ನ ಮಾತಿಗೆ ಇಲ್ಲಿ ಬೆಂಬಲ ಸಿಗುವುದಿಲ್ಲ.

ಅಭ್ಯಾಸ ಬದಲಾದರೆ ಸ್ವಭಾವವೂ ಬದಲಾಗುತ್ತದೆಯೇ?

ನೀರು ಕುಡಿಯುವ ಅಭ್ಯಾಸವೇ ಬೇರೆ, ಮುಂಗೋಪ ಕಡಿಮೆಯಾಗುವುದೇ ಬೇರೆ. ಸ್ವಭಾವದ ಬಗ್ಗೆಯೂ ಸಂಶೋಧನೆ ನಡೆದಿದೆ. 2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 207 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚಿಕಿತ್ಸೆ, ಸಮಾಲೋಚನೆಯಂಥ ಪ್ರಯತ್ನಗಳಿಂದ ವ್ಯಕ್ತಿತ್ವದ ಗುಣಗಳು ಅಳೆಯುವಷ್ಟು ಬದಲಾಗಿದ್ದವು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಭಾವನೆಗಳ ಸ್ಥಿರತೆ, ಅಂದರೆ ಸಣ್ಣ ವಿಷಯಕ್ಕೆ ಗಾಬರಿ ಬೀಳುವ, ಕುಗ್ಗಿಹೋಗುವ ಗುಣ ಕಡಿಮೆಯಾದದ್ದು. ಇವುಗಳ ಸರಾಸರಿ ಅವಧಿ ಸುಮಾರು 24 ವಾರ. ಹೀಗಾಗಿ ಗಾದೆಯೂ ಪೂರ್ತಿ ಸರಿಯಲ್ಲ, ಫಾರ್ವರ್ಡ್ ಕೂಡ ಸರಿಯಲ್ಲ.

ಬದಲಾಗಬೇಕು ಎಂಬ ಆಸೆ ಮಾತ್ರ ಇದ್ದರೆ ಸಾಕೇ? ನೇಥನ್ ಹಡ್ಸನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು 15 ವಾರ ಸಣ್ಣ ಸಣ್ಣ ಸವಾಲುಗಳನ್ನು ಒಪ್ಪಿಕೊಂಡರು. ಅಪರಿಚಿತರಿಗೆ ನಮಸ್ಕಾರ ಹೇಳುವಂಥ ಚಿಕ್ಕ ಕೆಲಸಗಳು ಅವು. ಸವಾಲು ಪೂರೈಸಿದವರಲ್ಲಿ ಬದಲಾವಣೆ ಕಂಡಿತು. ಒಪ್ಪಿಕೊಂಡು ಮಾಡದೇ ಬಿಟ್ಟವರಿಗೆ ಅದರಿಂದ ಲಾಭವಾಗಲಿಲ್ಲ.

‘ಒಳಗಿನ ಕೆಲಸ’ ಎಂದರೆ ಕಣ್ಣು ಮುಚ್ಚಿ ಕೂತು ಸಂಕಲ್ಪ ಮಾಡುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಈ ಅಧ್ಯಯನ ತೋರಿಸುವುದು ಬೇರೆ: ಹೊರಗೆ ಮಾಡಿದ ಸಣ್ಣ ಕೆಲಸ ಮರುಕಳಿಸುತ್ತಾ ಹೋದಾಗ ಒಳಗೂ ಬದಲಾಗುತ್ತದೆ.

ಧ್ಯಾನ ಮೆದುಳನ್ನೇ ಬದಲಿಸುತ್ತದೆಯೇ?

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 8 ವಾರಗಳ ಧ್ಯಾನ ತರಬೇತಿಯಿಂದ ಮೆದುಳಿನ ಕೆಲವು ಭಾಗಗಳು ದಟ್ಟವಾದವು ಎಂದಿತ್ತು. ಫಾರ್ವರ್ಡ್‌ಗಳಲ್ಲಿ ಬರುವ ‘ವಿಜ್ಞಾನವೇ ಒಪ್ಪಿದೆ’ ಎಂಬ ಮಾತಿಗೆ ಇಂಥ ಅಧ್ಯಯನಗಳೇ ಆಧಾರ. ಆದರೆ ಅದರಲ್ಲಿ ಧ್ಯಾನ ಮಾಡಿದವರು 16 ಜನ ಮಾತ್ರ. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 200ಕ್ಕೂ ಹೆಚ್ಚು ಜನರ ಮೇಲೆ ಅದೇ ಬಗೆಯ 8 ವಾರಗಳ ತರಬೇತಿಯನ್ನು ಪರೀಕ್ಷಿಸಿದಾಗ ಮೆದುಳಿನ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಹಾಗೆಂದು ಧ್ಯಾನ ವ್ಯರ್ಥ ಎಂದಲ್ಲ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆಯ ಪ್ರಕಾರ ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತವೆ. ಔಷಧಿ, ವ್ಯಾಯಾಮ ಮುಂತಾದ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಮಾತ್ರ ಅದರಲ್ಲಿ ಪುರಾವೆ ಸಿಗಲಿಲ್ಲ.

ಎಲ್ಲಿ ಎಚ್ಚರ ಬೇಕು?

1. ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಫಾರ್ವರ್ಡ್ ನಂಬಿ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಕೆಲವು ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಹಂತ ಹಂತವಾಗಿಯೇ ಕಡಿಮೆ ಮಾಡಬೇಕಾಗುತ್ತದೆ.

2. ‘ನಾಳೆಯಿಂದ ಹೊಸ ಮನುಷ್ಯ’ ಎಂದು ಕುಡಿತ ಬಿಡುವವರೂ ಗಮನಿಸಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು. ಇದು ಜೀವಕ್ಕೂ ಅಪಾಯ. ಬಿಡುವ ನಿರ್ಧಾರ ಒಳ್ಳೆಯದೇ, ಆದರೆ ಮೊದಲು ವೈದ್ಯರನ್ನು ಕಾಣಿ.

3. ದೀರ್ಘ ಮೌನ ಅಥವಾ ತೀವ್ರ ಧ್ಯಾನದ ಶಿಬಿರ ಎಲ್ಲರಿಗೂ ಹೊಂದುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಧ್ಯಾನಿಗಳು ಭಯ, ನಿದ್ರಾಹೀನತೆಯಂಥ ಅನುಭವಗಳನ್ನು ಹೇಳಿಕೊಂಡಿದ್ದರು. ಮೊದಲೇ ಮಾನಸಿಕ ಕಾಯಿಲೆ ಇದ್ದವರು ತಮ್ಮ ವೈದ್ಯರನ್ನು ಕೇಳಿಯೇ ಸೇರುವುದು ಕ್ಷೇಮ.

ಬದಲಾಗಿದ್ದೇವೆ ಎಂದು ತಿಳಿಯುವುದು ಹೇಗೆ?

ಶಿಬಿರದ ಕೊನೆಯ ದಿನ ಕಣ್ಣಲ್ಲಿ ನೀರು ಬಂದು ಮನಸ್ಸು ಹಗುರಾಗಬಹುದು. ಆ ಅನುಭವ ಸುಳ್ಳಲ್ಲ, ಆದರೆ ಅದೇ ಪರಿವರ್ತನೆಯೂ ಅಲ್ಲ. ಶಬರಿಮಲೆ ವ್ರತದ 41 ದಿನವನ್ನೇ ನೋಡಿ. ಮಾಲೆ ಇರುವಷ್ಟು ದಿನ ಕುಡಿತ, ಕೋಪ ಬಿಟ್ಟು, ಮಾಲೆ ತೆಗೆದ ಮೇಲೆ ಹಳೆಯ ದಾರಿಗೆ ಮರಳಿದವರೂ ನಮ್ಮ ಊರುಗಳಲ್ಲಿದ್ದಾರೆ, ಅಲ್ಲಿಂದಲೇ ಪೂರ್ತಿ ಬಿಟ್ಟವರೂ ಇದ್ದಾರೆ. ಇಬ್ಬರೂ ಎಣಿಸಿದ ದಿನಗಳು ಒಂದೇ. ವ್ಯತ್ಯಾಸ ಆಗಿದ್ದು 42ನೇ ದಿನದ ನಂತರ ಏನು ಮಾಡಿದರು ಎಂಬುದರಲ್ಲಿ.

ಆದ್ದರಿಂದ ಹೀಗೆ ನೋಡಿಕೊಳ್ಳಿ: ಮೊದಲು ಕೂಗಾಡುತ್ತಿದ್ದ ಸಂದರ್ಭದಲ್ಲಿ ಈಗ ಏನು ಮಾಡುತ್ತೀರಿ? ಕೋಪ ಬಂದರೂ ಬೇಗ ಇಳಿಯುತ್ತದೆಯೇ? ತಪ್ಪಾದಾಗ ಮನೆಯವರ ಹತ್ತಿರ ಒಪ್ಪಿಕೊಳ್ಳುತ್ತೀರಾ? ಆರು ತಿಂಗಳ ನಂತರವೂ ಹಾಗೇ ಇದೆಯೇ? ಈ ಪ್ರಶ್ನೆಗಳಿಗೆ ನಿಮಗಿಂತ ನಿಮ್ಮ ಜೊತೆ ಬದುಕುವವರು ಹೆಚ್ಚು ಸರಿಯಾದ ಉತ್ತರ ಕೊಡಬಲ್ಲರು.

ನಮ್ಮ ತೀರ್ಮಾನ

‘21 ದಿನಗಳಲ್ಲಿ ಹೊಸ ಮನುಷ್ಯ’ ಎಂಬ ಹೇಳಿಕೆ ತಪ್ಪು. 22ನೇ ದಿನವೂ ಕೋಪ ಬಂದರೆ, ಮನಸ್ಸು ಕುಗ್ಗಿದರೆ ಅದು ನಿಮ್ಮ ಸೋಲಲ್ಲ, ತಪ್ಪಿದ್ದು ಲೆಕ್ಕ. ಈ ಸಂದೇಶ ಮುಂದೆ ಕಳಿಸುವ ಮೊದಲು, ಗುಂಪಿನಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಯಾರಾದರೂ ಅದನ್ನು ಓದಬಹುದು ಎಂದು ಒಮ್ಮೆ ಯೋಚಿಸಿ.

ಮನಸ್ಸಿನ ತೊಂದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕಾಡಿದರೆ, ಅಥವಾ ಸಾಯುವ ಯೋಚನೆ ಬಂದರೆ ಕೂಡಲೇ, ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.